ಲಿವಾದ ಮರಳಿನಲ್ಲಿ ಒಂದು ಹಳದಿ ದೀಪ

ಅಬುಧಾಬಿಯಿಂದ ಪಶ್ಚಿಮಕ್ಕೆ ಹೊರಡುವ ಹೆದ್ದಾರಿ ಬಹಳ ದೂರದವರೆಗೆ ಕಡಲಿನ ಸಂಗ ಬಿಡುವುದಿಲ್ಲ. ಬಲಗಡೆ ಕೊಲ್ಲಿಯ ಉಪ್ಪುನೀರು, ಎಡಗಡೆ ಬೂದು ಬಯಲು. ತರೀಫ್ ಹತ್ತಿರ ದಕ್ಷಿಣಕ್ಕೆ ಹೊರಳಿದ ಮೇಲೆ ನೋಟ ಬದಲಾಗತೊಡಗುತ್ತದೆ. ಮದೀನತ್ ಜಾಯೇದ್ ದಾಟುವಷ್ಟರಲ್ಲಿ ಬಿಳಿಚಿಕೊಂಡಿದ್ದ ಮರಳು ಹೊಂಬಣ್ಣಕ್ಕೆ ತಿರುಗಿ, ಲಿವಾ ಸಮೀಪಿಸಿದಂತೆ ಕೆಂಪೇರುತ್ತದೆ. ಕಾಳುಗಳ ಮೇಲೆ ಕಟ್ಟಿಕೊಂಡ ಕಬ್ಬಿಣದ ಆಕ್ಸೈಡಿನ ತೆಳುಪದರ ಕೊಟ್ಟ ಬಣ್ಣ ಅದು. ಆಮೇಲೆ ಒಮ್ಮೆಲೇ ಖರ್ಜೂರದ ತೋಟಗಳು. ಅರ್ಧಚಂದ್ರಾಕಾರದಲ್ಲಿ ಸುಮಾರು 100 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಓಯಸಿಸ್ ಊರುಗಳ ಸಾಲೇ ಲಿವಾ. ಇಂದು ಅಬುಧಾಬಿಯನ್ನು ಆಳುವ ಮನೆತನದ ಮೂಲ ನೆಲೆಯೂ ಇದೇ. ಆ ಹಸಿರು ಗೆರೆಯ ಆಚೆಗೆ ಊರಿಲ್ಲ, ಮರವಿಲ್ಲ. ಅಲ್ಲಿಂದ ರುಬ್ ಅಲ್ ಖಾಲಿ ಶುರು.

ರುಬ್ ಅಲ್ ಖಾಲಿಯ ವಿಸ್ತಾರ ಸುಮಾರು 6,50,000 ಚದರ ಕಿಲೋಮೀಟರ್. ಮೂರು ಕರ್ನಾಟಕಗಳನ್ನು ಅದರಲ್ಲಿ ಹರಡಿದರೂ ಇನ್ನಷ್ಟು ಜಾಗ ಉಳಿಯುತ್ತದೆ. ಸೌದಿ, ಒಮಾನ್, ಯೆಮೆನ್, ಎಮಿರೇಟ್ಸ್ ನಾಲ್ಕೂ ದೇಶಗಳಿಗೆ ಸೇರಿದ ಈ ಮರಳು ಜಗತ್ತಿನಲ್ಲೇ ಅತಿ ದೊಡ್ಡ ಅಖಂಡ ಮರಳುಗಾಡು. ಓದಿ ತಿಳಿದ ಈ ಅಂಕಿ ಕಣ್ಣೆದುರು ಬಂದು ನಿಂತಾಗ ನನಗೆ ಮಾತೇ ಹೊರಡಲಿಲ್ಲ. ದಿಬ್ಬದ ಹಿಂದೆ ದಿಬ್ಬ, ಅದರ ಹಿಂದೆ ಬೆಟ್ಟದಷ್ಟು ಎತ್ತರದ ಇನ್ನೊಂದು ದಿಬ್ಬ. ಗಾಳಿ ಒಂದೊಂದೇ ಕಾಳು ತಂದು ಕಟ್ಟಿದ್ದು ಇಷ್ಟನ್ನೂ.

ನಾನು ಬಂದದ್ದು ಭಾವನ ಜೊತೆ. ಅಕ್ಕನ ಗಂಡ, ಪುತ್ತೂರಿನವರು, ಅಬುಧಾಬಿಗೆ ಬಂದು ನೆಲೆಸಿ ವರ್ಷಗಳೇ ಆಗಿವೆ. ಚಳಿಗಾಲ ಬಂತೆಂದರೆ ಅವರ ಮನಸ್ಸು ಮರಳಿನ ಕಡೆಗೇ. ಅದಕ್ಕೆಂದೇ ಒಂದು ಫೋರ್ ಬೈ ಫೋರ್ ಕೊಂಡು, ಸ್ಪ್ರಿಂಗ್ ಬದಲಿಸಿ ಮೂರು ಇಂಚು ಎತ್ತರಿಸಿ, 32 ಇಂಚಿನ ಟೈರ್ ತೆಗೆಸಿ 35 ಇಂಚಿನದು ಹಾಕಿಸಿದ್ದರು. ಮುಂದೆ ಉಕ್ಕಿನ ಬಂಪರು, ಅದರೊಳಗೆ ವಿಂಚು. ನೋಡಲು ಗಂಭೀರ ಗಾಡಿ. ಆದರೆ ಎತ್ತರಗೊಂಡು ಮನೆಗೆ ಬಂದ ಮೇಲೆ ಅದಕ್ಕೊಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತ್ತು. ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ, ಗಾಡಿ ಜಾರುವ ಸುಳಿವೇ ಇಲ್ಲದಾಗ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಪಟಪಟ ಮಿನುಗುತ್ತಿತ್ತು. ಯಾರೂ ಬ್ರೇಕ್ ತುಳಿಯದಿದ್ದರೂ ಒಂದು ಚಕ್ರಕ್ಕೆ ಬ್ರೇಕ್ ಬೀಳುತ್ತಿತ್ತು, ಎಂಜಿನ್ ಸದ್ದು ಕುಗ್ಗುತ್ತಿತ್ತು, ಗಾಡಿ ಒಂದು ಕಡೆಗೆ ಎಳೆಯುತ್ತಿತ್ತು. ಎತ್ತರ ಮಾಡಿಕೊಟ್ಟ ಗ್ಯಾರೇಜಿನಲ್ಲಿ ಕೇಳಿದರೆ, ದೊಡ್ಡ ಟೈರ್ ಹಾಕಿದ ಮೇಲೆ ಇದೆಲ್ಲ ಇದ್ದದ್ದೇ, ಫ್ಯೂಸ್ ಕಿತ್ತುಬಿಡಿ ಎಂಬ ಉತ್ತರ.

ಭಾವ ಫ್ಯೂಸ್ ಕೀಳಲಿಲ್ಲ. ಪ್ರವಾಸಕ್ಕೆ ಹೊರಡುವ ಮುನ್ನ ಮುಸಫ್ಫಾದ ಕೈಗಾರಿಕಾ ಪ್ರದೇಶದಲ್ಲಿ ಉಪ್ಪಳದ ಕಡೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಗಾಡಿ ಒಯ್ದರು. ಜೊತೆಗೆ ನಾನೂ ಇದ್ದೆ. ಆತ ಬಾನೆಟ್ ತೆರೆಯಲಿಲ್ಲ, ಕಂಪ್ಯೂಟರಿಗೆ ತಂತಿ ಜೋಡಿಸಲೂ ಇಲ್ಲ. ಗಾಡಿಯನ್ನು ಖಾಲಿ ರಸ್ತೆಯಲ್ಲಿ ನೇರಕ್ಕೆ ಓಡಿಸಿ, ಸ್ಟಿಯರಿಂಗ್ ಚಕ್ರದ ಕಡೆಗೆ ಕೈ ತೋರಿಸಿದ. "ನೋಡಿ ಸಾರ್, ಗಾಡಿ ಸೀದಾ ಹೋಗ್ತಾ ಉಂಟು. ಸ್ಟಿಯರಿಂಗ್ ಮಾತ್ರ ಬಲಕ್ಕೆ ತಿರುಗಿ ಕೂತಿದೆ. ಕಂಪ್ಯೂಟರಿಗೆ ಇದರಲ್ಲಿ ಎಂತ ಅರ್ಥ ಆಗ್ಬೇಕು?"

ಕಾರಣವನ್ನು ಗಾಡಿಯ ಕೆಳಗೆ ಮಲಗಿ ತೋರಿಸಿದ. ಈ ಗಾಡಿಯ ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ಸ್ಟಿಯರಿಂಗ್ ಬಾಕ್ಸ್ ಇರುವುದು ಚಾಸಿಯ ಮೇಲೆ, ತಿರುಗಬೇಕಾದ ಚಕ್ರಗಳಿರುವುದು ಆಕ್ಸಲ್ ತುದಿಯಲ್ಲಿ. ಎರಡನ್ನೂ ಜೋಡಿಸುವುದು ಡ್ರ್ಯಾಗ್ ಲಿಂಕ್ ಎಂಬ ಓರೆ ಸಲಾಕೆ. ಚಾಸಿ ಮೂರು ಇಂಚು ಮೇಲೆದ್ದರೆ ಆ ಸಲಾಕೆಯ ಓರೆ ಹೆಚ್ಚುತ್ತದೆ, ಅಡ್ಡಕ್ಕೆ ಅದು ತಲುಪುವ ದೂರ ಕಡಿಮೆಯಾಗುತ್ತದೆ. ಆಗ ಚಕ್ರಗಳು ನೇರವಾಗಿರಬೇಕಾದರೆ ಸ್ಟಿಯರಿಂಗನ್ನು ತುಸು ತಿರುಗಿಸಿಯೇ ಹಿಡಿಯಬೇಕು. ಸಣ್ಣ ವ್ಯತ್ಯಾಸವಾದರೆ ಕಂಪ್ಯೂಟರು ತಾನೇ ಸರಿದೂಗಿಸಿಕೊಳ್ಳುತ್ತದೆ. ಇಲ್ಲಿನದು ಅದರ ಮಿತಿ ದಾಟಿತ್ತು. ಡ್ರೈವರ್ ಬಲಕ್ಕೆ ತಿರುಗಿಸುತ್ತಿದ್ದಾನೆ, ಗಾಡಿ ಮಾತ್ರ ತಿರುಗುತ್ತಿಲ್ಲ, ಅಂದರೆ ಮುಂದಿನ ಚಕ್ರಗಳು ಜಾರುತ್ತಿವೆ ಎಂದು ಅದು ತೀರ್ಮಾನಿಸುತ್ತಿತ್ತು. ತಿಳಿದ ಮಟ್ಟಿಗೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಅದಕ್ಕೆ ತಲುಪುತ್ತಿದ್ದ ಸುದ್ದಿಯೇ ಸುಳ್ಳು.

ಆತ ಡ್ರ್ಯಾಗ್ ಲಿಂಕಿನ ನಡುವಿನ ತೋಳಿನ ಬೋಲ್ಟುಗಳನ್ನು ಸಡಿಲಿಸಿ, ಪೈಪ್ ರೆಂಚಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಸಲಾಕೆ ಉದ್ದವಾಯಿತು. ಒಮ್ಮೆ ಓಡಿಸಿ ನೋಡಿ, ಮತ್ತೆ ಕೂದಲೆಳೆಯಷ್ಟು ತಿರುಗಿಸಿ, ಸ್ಟಿಯರಿಂಗ್ ನಟ್ಟನಡುವೆ ನಿಲ್ಲುವವರೆಗೂ ಬಿಡಲಿಲ್ಲ. ಆಮೇಲೆ ಸ್ಕ್ಯಾನರ್ ಜೋಡಿಸಿ ಇದೇ ಸೊನ್ನೆ ಎಂದು ಗಾಡಿಗೆ ತಿಳಿಸಿದ. ಟೈರಿನ ಹೊಸ ಅಳತೆಯನ್ನೂ ತುಂಬಿದ. 32 ಇಂಚಿನ ಲೆಕ್ಕದಲ್ಲಿ ಸ್ಪೀಡೋಮೀಟರ್ 100 ತೋರಿಸುವಾಗ 35 ಇಂಚಿನ ಟೈರಿನ ಗಾಡಿ ನಿಜಕ್ಕೂ 109ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ವೇಗದ ಲೆಕ್ಕ ತಪ್ಪಿದರೆ ತಿರುವಿನ ಲೆಕ್ಕವೂ ತಪ್ಪುತ್ತದೆ. ಎತ್ತರಿಸಿದಾಗ ಮುಂದಿನ ಚಕ್ರಗಳ ಕ್ಯಾಸ್ಟರ್ ಕೋನ ಕಡಿಮೆಯಾಗಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣವೂ ಕುಂದಿತ್ತು, ಅದನ್ನೂ ತಿದ್ದಿದ. ಸಂಜೆ ಮನೆಗೆ ಮರಳುವಾಗ ಅದೇ ತಿರುವುಗಳಲ್ಲಿ ಹಳದಿ ದೀಪ ಒಮ್ಮೆಯೂ ಮಿನುಗಲಿಲ್ಲ.

ಗಾಡಿ ಜಾರದಂತೆ ಕಾಯುವ, ಇಎಸ್‌ಪಿ ಎಂದು ಎಲ್ಲರೂ ಕರೆಯುವ ಈ ವ್ಯವಸ್ಥೆಯ ಒಳಗುಟ್ಟು ತಿಳಿದಷ್ಟೂ ನನ್ನ ಬೆರಗು ಹೆಚ್ಚಿತು. ಬಾಷ್ ಕಂಪನಿಯ ಆಂಟನ್ ಫಾನ್ ಜಾಂಟನ್ ನೇತೃತ್ವದ ತಂಡ ಇದನ್ನು ರೂಪಿಸಿತು. 1995ರಲ್ಲಿ ಮರ್ಸಿಡಿಸ್‌ನ ದೊಡ್ಡ ಕೂಪೆ ಕಾರಿನಲ್ಲಿ ಮೊದಲು ಬಂತು. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ನಡೆಸಿದ ಪರೀಕ್ಷೆಯಲ್ಲಿ, ರಸ್ತೆಗೆ ಅಡ್ಡ ಬಂದ ಕಡವೆಯನ್ನು ತಪ್ಪಿಸುವ ರೀತಿಯಲ್ಲಿ ಥಟ್ಟನೆ ಹೊರಳಿಸಿದಾಗ ಮರ್ಸಿಡಿಸ್‌ನ ಪುಟ್ಟ ಎ–ಕ್ಲಾಸ್ ಕಾರು ಮಗುಚಿತು. ಆಮೇಲೆ ಆ ಕಾರುಗಳಿಗೆಲ್ಲ ಇಎಸ್‌ಪಿ ಕಡ್ಡಾಯವಾಗಿ ಜೋಡಣೆಯಾಯಿತು, ಅಗ್ಗದ ಕಾರುಗಳಿಗೂ ಇಳಿಯುವ ದಾರಿ ತೆರೆಯಿತು. ಸ್ಟಿಯರಿಂಗ್ ಕಂಬದಲ್ಲಿ ಒಂದು ಸೆನ್ಸರ್, ನಾಲ್ಕು ಚಕ್ರಗಳಿಗೆ ನಾಲ್ಕು, ಗಾಡಿಯ ನಡುಭಾಗದಲ್ಲಿ ಅದು ತನ್ನ ಸುತ್ತ ತಾನು ಎಷ್ಟು ವೇಗವಾಗಿ ಹೊರಳುತ್ತಿದೆ ಎಂದು ಅಳೆಯುವ ಮತ್ತೊಂದು. ಡ್ರೈವರ್ ಹೋಗಬೇಕೆಂದ ದಿಕ್ಕು ಯಾವುದು, ಗಾಡಿ ಹೋಗುತ್ತಿರುವ ದಿಕ್ಕು ಯಾವುದು ಎಂದು ಕಂಪ್ಯೂಟರು ಸೆಕೆಂಡಿಗೆ 25 ಬಾರಿ ಹೋಲಿಸಿ ನೋಡುತ್ತದೆ. ಹಿಂಭಾಗ ಹೊರಕ್ಕೆ ಬೀಸಿದರೆ ಮುಂದಿನ ಹೊರಚಕ್ರಕ್ಕೆ ಬ್ರೇಕ್. ಮುಂಭಾಗ ತಿರುಗದೆ ಜಾರಿದರೆ ಹಿಂದಿನ ಒಳಚಕ್ರಕ್ಕೆ ಬ್ರೇಕ್. ನಾಲ್ಕರಲ್ಲಿ ಒಂದೇ ಚಕ್ರವನ್ನು ಆರಿಸಿ ಹಿಡಿಯುವುದು ಎಂಥ ಪಳಗಿದ ಡ್ರೈವರನ ಕಾಲಿಗೂ ಸಾಧ್ಯವಿಲ್ಲ, ಪೆಡಲ್ ಇರುವುದೇ ಒಂದು.

ಇಂಥ ವ್ಯವಸ್ಥೆಗಳನ್ನು ಕಾರು ಕಂಪನಿಗಳು ಪ್ರತಿ ಚಳಿಗಾಲ ಉತ್ತರ ಸ್ವೀಡನ್ನಿನ ಆರ್ಯೆಪ್ಲಾಗ್‌ನಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಪರೀಕ್ಷಿಸುತ್ತವೆ. ಮಂಜುಗಡ್ಡೆಯ ಮೇಲೆ ಬುದ್ಧಿ ಕಲಿತ ಯಂತ್ರವನ್ನು ನಾವು ಅರೇಬಿಯಾದ ಮರಳಿಗೆ ತಂದಿದ್ದೆವು.

ಲಿವಾದ ಮುಖ್ಯ ಊರು ಮೆಜೈರಾ. ಅಲ್ಲಿ ಪೆಟ್ರೋಲ್ ತುಂಬಿಸಿಕೊಂಡು, ಟಾರು ಬಿಟ್ಟು ಮರಳಿಗಿಳಿಯುವ ಮೊದಲು ನಮ್ಮ ತಂಡದ ಎಲ್ಲ ಗಾಡಿಗಳೂ ಸಾಲಾಗಿ ನಿಂತವು. ಟೈರುಗಳಿಂದ ಗಾಳಿ ಹೊರಡುವ ಸದ್ದು ಸಾಲಿನುದ್ದಕ್ಕೂ. ರಸ್ತೆಯಲ್ಲಿ 35 ಪಿಎಸ್‌ಐ ಇದ್ದದ್ದನ್ನು 14ಕ್ಕೆ ಇಳಿಸಿದೆವು. ಗಾಳಿ ಇಳಿದಂತೆ ಟೈರಿನ ಬುಡ ಚಪ್ಪಟೆಯಾಗಿ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಿತು. ನೆಲ ಮುಟ್ಟುವ ಜಾಗ ಉದ್ದವಾದರೆ ಭಾರ ಹಂಚಿಹೋಗುತ್ತದೆ, ಚಕ್ರ ಹೂತುಕೊಳ್ಳದೆ ಮರಳಿನ ಮೇಲೇ ತೇಲುತ್ತದೆ. ಒಂಟೆಯ ಅಗಲ ಪಾದ ಮಾಡುವುದೂ ಇದನ್ನೇ. 1930–31ರಲ್ಲಿ ಬರ್ಟ್ರಮ್ ಥಾಮಸ್ ಸಲಾಲಾದಿಂದ ದೋಹಾದವರೆಗೆ ಈ ಮರಳುಗಾಡನ್ನು ದಾಟಿದ್ದು ಆ ಪಾದಗಳ ಮೇಲೆ. 1946ರಿಂದ 48ರ ನಡುವೆ ಎರಡು ಚಳಿಗಾಲಗಳಲ್ಲಿ ವಿಲ್ಫ್ರೆಡ್ ಥೆಸಿಜರ್ ತನ್ನ ಬೆದು ಸಂಗಾತಿಗಳೊಂದಿಗೆ ದಾಟಿದ್ದೂ ಹಾಗೆಯೇ.

ನಮ್ಮ ಸಾಲಿನ ಮುಂದಾಳು ಗಂಗೊಳ್ಳಿಯವರು. ಮೀನುಗಾರರ ಮನೆತನ, ಮರಳಿನಲ್ಲಿ ಓಡಿಸಿ ತಲೆ ನರೆತವರು. ಪ್ರತಿ ಗಾಡಿಯ ಹತ್ತಿರ ಬಂದು ವಾಕಿ–ಟಾಕಿ, ಸಲಿಕೆ, ಎಳೆಯುವ ಹಗ್ಗ, ಎತ್ತರದ ಕಡ್ಡಿಗೆ ಕಟ್ಟಿದ ಬಾವುಟ ಎಲ್ಲ ನೋಡಿದರು. ದಿಬ್ಬದ ಆಚೆ ಬದಿಯಿಂದ ಬರುವ ಗಾಡಿಗೆ ಮೊದಲು ಕಾಣುವುದು ಆ ಬಾವುಟವೇ. ಕೊನೆಗೆ ಭಾವನನ್ನು ಕೇಳಿದರು: "ಇಎಸ್‌ಪಿ ಪೂರಾ ಆಫ್ ಮಾಡಿದ್ರಾ, ಅರ್ಧ ಮಾಡಿದ್ರಾ?"

ಈ ಪ್ರಶ್ನೆ ಸಣ್ಣದಲ್ಲ. ಬಹಳಷ್ಟು ಗಾಡಿಗಳಲ್ಲಿ ಇಎಸ್‌ಪಿ ಆಫ್ ಮಾಡುವ ಗುಂಡಿಯನ್ನು ಒಮ್ಮೆ ಒತ್ತಿದರೆ ಆಫ್ ಆಗುವುದು ಚಕ್ರ ಹಿಡಿತವಿಲ್ಲದೆ ತಿರುಗಿದಾಗ ಎಂಜಿನ್ ಬಲ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ, ಸ್ಥಿರತೆಯ ಕಾವಲು ಹಿಂದೆ ಕೂತೇ ಇರುತ್ತದೆ. ನಿಂತಲ್ಲೇ ಕೆಲವು ಸೆಕೆಂಡು ಒತ್ತಿ ಹಿಡಿದರೆ ಅದೂ ಸಡಿಲವಾಗುತ್ತದೆ. ಹಾಗೆ ಸಡಿಲಿಸಿದ್ದು ಕೂಡ ಕೆಲವು ಗಾಡಿಗಳಲ್ಲಿ ಒಂದು ವೇಗ ದಾಟಿದೊಡನೆ ಯಾರ ಅಪ್ಪಣೆಯೂ ಇಲ್ಲದೆ ಮರಳಿ ಬರುತ್ತದೆ. ಭಾವನ ಗಾಡಿ ಆ ಜಾತಿಯದು. ವೇಗವನ್ನು ಅದು ಅಳೆಯುವುದು ಚಕ್ರದ ಸುತ್ತುಗಳಿಂದ. ಮರಳಿನಲ್ಲಿ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗಿದರೂ ಅದಕ್ಕೆ ವೇಗವೆಂದೇ ತೋರಬಹುದು. ಲೋ ರೇಂಜಿಗೆ ಹಾಕಿದರೆ ಮಾತ್ರ ಕಾವಲು ಪೂರ್ತಿ ದೂರ ಸರಿಯುತ್ತದೆ.

"ಹಾಗಾದ್ರೆ ಲೋ ರೇಂಜಿಗೇ ಹಾಕಿ, ಮೂರನೇ ನಾಲ್ಕನೇ ಗೇರಲ್ಲಿ ಓಡ್ಸಿ," ಎಂದರು ಗಂಗೊಳ್ಳಿಯವರು. "ಏರುವಾಗ ಗಾಡಿ ಅರ್ಧದಲ್ಲಿ ಉಸಿರು ಬಿಟ್ರೆ ಕಷ್ಟ ಮಾರಾಯ್ರೆ. ಅಳಿವೆ ಬಾಯಲ್ಲಿ ತೆರೆ ಏರುವ ದೋಣಿಯ ಎಂಜಿನ್ ಅಲ್ಲಿಯೇ ನಿಂತ್ರೆ ಎಂತ ಆಗ್ತದೆ? ಅಡ್ಡ ಬೀಳ್ತದೆ. ಇಲ್ಲಿಯೂ ಅದೇ."

ಆ ಮಾತಿನ ಅರ್ಥ ಮೊದಲ ದೊಡ್ಡ ಏರಿನಲ್ಲೇ ತಿಳಿಯಿತು, ಅದೂ ನಮ್ಮ ಹಿಂದಿದ್ದ ಗಾಡಿಯಿಂದ. ಹೊಸ ಗಾಡಿ, ಬಲವಾದ ಎಂಜಿನ್, ಗುಂಡಿಯನ್ನು ಒಮ್ಮೆ ಮಾತ್ರ ಒತ್ತಿದ್ದರು. ನಾವು ನೆತ್ತಿ ದಾಟಿ ನಿಂತು ನೋಡುತ್ತಿದ್ದೆವು. ಗಾಡಿ ರಭಸದಿಂದ ಏರುತ್ತ ಬಂತು. ಮುಕ್ಕಾಲು ಏರಿದ್ದಾಗ ಹಿಂಭಾಗ ಒಂದು ಗೇಣು ಪಕ್ಕಕ್ಕೆ ಸರಿಯಿತು. ಮರಳಿನಲ್ಲಿ ಅದು ತೀರಾ ಸಹಜ, ಸ್ಟಿಯರಿಂಗನ್ನು ತುಸು ತಿರುಗಿಸಿದರೆ ಮುಗಿಯಿತು. ಆದರೆ ಕಂಪ್ಯೂಟರು ಅದನ್ನು ಅಪಾಯವೆಂದು ಓದಿತು. ಎಂಜಿನ್ ಗುಡುಗು ಥಟ್ಟನೆ ಇಳಿಯಿತು, ಬ್ರೇಕ್ ಪಂಪಿನ ಕಟಕಟ ಸದ್ದು ಮೇಲಿನವರೆಗೂ ಕೇಳಿಸಿತು, ಗಾಡಿ ಅಲ್ಲೇ ಮೊಣಕಾಲೂರಿತು. ಡ್ರೈವರ್ ಆಕ್ಸಿಲರೇಟರನ್ನು ಪೂರ್ತಿ ತುಳಿದೇ ಇದ್ದರು, ಗಾಡಿ ಕಿವಿಗೊಡಲಿಲ್ಲ. ಎರಡು ಉಸಿರಿನ ಹೊತ್ತಿನಲ್ಲಿ ಚಕ್ರಗಳು ಅರ್ಧ ಹೂತವು. ನೇರ ಹಿಮ್ಮುಖವಾಗಿ ಇಳಿಸಿ, ಗುಂಡಿಯನ್ನು ಒತ್ತಿ ಹಿಡಿದು, ಎರಡನೇ ಸಲ ಅದೇ ಸಾಲಿನಲ್ಲಿ ಬಂದಾಗ ಅದೇ ಗಾಡಿ ಸಲೀಸಾಗಿ ನೆತ್ತಿ ಮುಟ್ಟಿತು.

ದಿಬ್ಬಕ್ಕೆ ಎರಡು ಮುಖ. ಗಾಳಿ ಬೀಸಿ ಬರುವ ಕಡೆಯ ಮೈ ಗಟ್ಟಿ, ಇಳಿಜಾರೂ ಹಿತ. ಗಾಳಿ ಮರಳನ್ನು ಹೊತ್ತು ತಂದು ನೆತ್ತಿಯಿಂದಾಚೆ ಸುರಿಯುವ ಕಡೆ ಕಡಿದು, ಬಲು ಸಡಿಲ. ಒಣ ಮರಳು ಜಾರದೆ ನಿಲ್ಲುವ ಕಡಿದಾದ ಕೋನ ಸುಮಾರು 34 ಡಿಗ್ರಿ, ಅದಕ್ಕಿಂತ ಹೆಚ್ಚಾದರೆ ತಾನಾಗಿ ಕುಸಿದು ಮತ್ತೆ ಅದೇ ಕೋನಕ್ಕೆ ಬರುತ್ತದೆ. ಲಿವಾದ ನೂರಾರು ದಿಬ್ಬಗಳ ಜಾರುಮುಖಗಳು ಒಂದೇ ಕೋನಕ್ಕೆ ಒಪ್ಪಿ ನಿಂತಿರುವುದನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನಾದೆ. ಯಾರೂ ಅಳೆದಿಲ್ಲ, ಯಾರೂ ಹೇಳಿಲ್ಲ. ಕಾಳಿಗೂ ಕಾಳಿಗೂ ನಡುವಿನ ಘರ್ಷಣೆಯೇ ಅಲ್ಲಿನ ಕಾನೂನು.

ಅಂಥ ಜಾರುಮುಖದಲ್ಲಿ ಇಳಿಯುವಾಗಲೂ ಎಲೆಕ್ಟ್ರಾನಿಕ್ ಸಹಾಯ ಅಡ್ಡ ಬರಬಹುದು. ಬೆಟ್ಟ ಇಳಿಯಲೆಂದೇ ಹಲವು ಗಾಡಿಗಳಲ್ಲಿರುವ ವ್ಯವಸ್ಥೆ ಒಂದೊಂದು ಚಕ್ರವನ್ನೂ ಬ್ರೇಕಿನಲ್ಲಿ ಹಿಡಿದು ನಿಧಾನವಾಗಿ ಇಳಿಸುತ್ತದೆ. ಕಲ್ಲುದಾರಿಯಲ್ಲಿ ಅದು ವರ. ಸಡಿಲ ಮರಳಿನಲ್ಲಿ ಹಿಡಿದ ಚಕ್ರದ ಮುಂದೆ ಮರಳು ರಾಶಿ ಬೀಳುತ್ತದೆ, ಮೂತಿ ಹೂಳುತ್ತದೆ, ಹಿಂಭಾಗ ಪಕ್ಕಕ್ಕೆ ಹೊರಳಲು ನೋಡುತ್ತದೆ. ಇಲ್ಲಿ ಕೆಳಗಿನ ಗೇರಿನಲ್ಲಿ, ಬ್ರೇಕ್ ಮುಟ್ಟದೆ, ಮೂಗನ್ನು ನೇರ ಕೆಳಕ್ಕೆ ಹಿಡಿದು ಇಳಿಯಬೇಕು. ಹಿಂಭಾಗ ಓಲಾಡಿದರೆ ತುಸು ಆಕ್ಸಿಲರೇಟರ್ ಕೊಟ್ಟು ನೇರ ಮಾಡಿಕೊಳ್ಳಬೇಕು. ಭಾವ ಹಾಗೆ ಮೊದಲ ಇಳಿಜಾರಿಗೆ ಗಾಡಿ ಬಿಟ್ಟಾಗ ವಿಂಡ್‌ಶೀಲ್ಡಿನ ತುಂಬ ಆಕಾಶ ಹೋಗಿ ಮರಳೇ ತುಂಬಿತು. ಆಗಲೇ ಕೇಳಿಸಿದ್ದು ಆ ಸದ್ದು.

ನೆಲದಡಿಯಿಂದ ಎದ್ದ, ಎದೆಗೆ ತಾಗುವ ಒಂದು ತಗ್ಗುಸ್ವರ. ಎಂಜಿನಿನದಲ್ಲ, ಟೈರಿನದೂ ಅಲ್ಲ. ನಾವು ಕೆಳಗೆ ತಲುಪಿ ಎಂಜಿನ್ ಆರಿಸಿದ ಮೇಲೂ ಅದು ಕೆಲವು ಕ್ಷಣ ಮುಂದುವರಿಯಿತು. ದಿಬ್ಬ ಹಾಡುತ್ತಿತ್ತು. ಚೆನ್ನಾಗಿ ಒಣಗಿದ, ನುಣುಪಾದ, ಬಹುಪಾಲು ಒಂದೇ ಗಾತ್ರದ ಕಾಳುಗಳು ಒಟ್ಟಾಗಿ ಕುಸಿದಾಗ ಅವುಗಳ ಚಲನೆ ತಾಳಕ್ಕೆ ಕೂಡಿ ಇಡೀ ಇಳಿಜಾರು ಮೊಳಗುತ್ತದೆ. ಲೋಕದ ಎಲ್ಲ ದಿಬ್ಬಗಳಿಗೂ ಈ ಸ್ವರವಿಲ್ಲ, ಲಿವಾದ ಕೆಲವಕ್ಕೆ ಇದೆ. ಬಾಗಿಲು ತೆರೆದು ಇಳಿದು ಅಂಗೈಯನ್ನು ಮರಳಿಗೆ ಒತ್ತಿದೆ. ಕಂಪನ ಬೆರಳುಗಳಿಗೆ ಹತ್ತಿತು. "ಕೇಳಿತಾ ನಿಂಗೆ?" ಎಂದು ಭಾವ ಕೇಳಿದರು. ವರ್ಷಗಳಿಂದ ಬರುತ್ತಿರುವವರ ಕಣ್ಣಲ್ಲೂ ನನ್ನಷ್ಟೇ ಅಚ್ಚರಿ.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ನೆತ್ತಿಗೇರಿ ನೆರಳುಗಳೆಲ್ಲ ಮಾಯವಾದವು. ಆಗ ನೆತ್ತಿ ಎಲ್ಲಿ ಮುಗಿಯುತ್ತದೆ, ಆಚೆ ಕಣಿವೆ ಎಲ್ಲಿ ಶುರುವಾಗುತ್ತದೆ ಎಂಬುದೇ ಕಾಣುವುದಿಲ್ಲ. ರಾತ್ರಿಯ ತಂಪಿಗೆ ಬೆಳಿಗ್ಗೆ ಗಟ್ಟಿಯಿದ್ದ ಮರಳು ಈಗ ಸಡಿಲ. ಊಟಕ್ಕೆ ದಿಬ್ಬಗಳ ನಡುವಿನ ಸಬ್ಖಾ ಬಯಲಿಗೆ ಇಳಿದೆವು. ಮೇಲೆ ಉಪ್ಪಿನ ಬಿಳಿ ಹೊಪ್ಪಳಿಕೆ, ಕೆಳಗೆ ಅಂತರ್ಜಲ ಬಹಳ ಹತ್ತಿರ. ಒಣಗಿದ್ದರೆ ನೆಲ ಟಾರಿನಷ್ಟೇ ಗಟ್ಟಿ, ಹಸಿಯಿದ್ದರೆ ಗಾಡಿ ಅಚ್ಚಿನವರೆಗೆ ಮುಳುಗಬಹುದು. ಗಂಗೊಳ್ಳಿಯವರು ಇಳಿದು ನಡೆದು ನೋಡಿ ಬಂದ ಮೇಲೆಯೇ ಸಾಲು ಮುಂದುವರಿಯಿತು. ಅವರ ಹಿಮ್ಮಡಿಯ ತೀರ್ಪಿಗೆ ಸಮನಾದ ಸೆನ್ಸರ್ ನಮ್ಮ ಯಾವ ಗಾಡಿಯಲ್ಲೂ ಇರಲಿಲ್ಲ.

ಊಟದ ಚಾಪೆಯ ಮೇಲೆ ಮಾತು ಮತ್ತೆ ಆ ದೀಪದ ಕಡೆಗೇ ಹೊರಳಿತು. ಒಬ್ಬರು ಮರಳಿಗೆ ಬರುವಾಗಲೆಲ್ಲ ಎಬಿಎಸ್ ಫ್ಯೂಸನ್ನೇ ಕಿತ್ತಿಡುತ್ತಾರಂತೆ. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಬ್ರೇಕ್ ಬಿಗಿಹಿಡಿದು ನಿಂತ ಚಕ್ರ ತನ್ನ ಮುಂದೆ ಮರಳಿನ ಗುಪ್ಪೆ ಕಟ್ಟಿಕೊಂಡು ಬೇಗ ನಿಲ್ಲುತ್ತದೆ, ಎಬಿಎಸ್ ಚಕ್ರವನ್ನು ಬಿಟ್ಟು ಹಿಡಿದು ಮಾಡುವುದರಿಂದ ಸಡಿಲ ನೆಲದಲ್ಲಿ ಗಾಡಿ ನಿಲ್ಲುವ ದೂರ ಹೆಚ್ಚುತ್ತದೆ. ಆದರೆ ಆ ಒಂದು ಫ್ಯೂಸಿನ ಜೊತೆ ಹೋಗುವುದು ಬಹಳ. ಅನೇಕ ಗಾಡಿಗಳಲ್ಲಿ ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿದು, ನೆಲ ಕಚ್ಚಿದ ಚಕ್ರಕ್ಕೆ ಬಲ ಕಳಿಸುವ ಉಪಕಾರಿ ಗುಣವೂ ಅದರೊಂದಿಗೇ ಹೋಗುತ್ತದೆ. ಸ್ಪೀಡೋಮೀಟರೂ ಕೈಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ದಣಿದು ಕತ್ತಲಾದ ಮೇಲೆ ಟಾರಿಗೆ ಹತ್ತುವಾಗ ಆ ಫ್ಯೂಸನ್ನು ಮರಳಿ ಹಾಕುವ ನೆನಪು ಎಲ್ಲರಿಗೂ ಇರುವುದಿಲ್ಲ.

"ಗುಂಡಿ ಆದ್ರೆ ಗಾಡಿ ಆಫ್ ಮಾಡಿ ಆನ್ ಮಾಡಿದ ಕೂಡ್ಲೆ ತಾನೇ ಸರಿಯಾಗ್ತದೆ. ಫ್ಯೂಸ್ ಹಾಗಲ್ಲ," ಎಂದರು ಭಾವ. ಯಾರೂ ಎದುರಾಡಲಿಲ್ಲ.

ಸಂಜೆಯ ಓರೆಬಿಸಿಲಿನಲ್ಲಿ ದೊಡ್ಡ ಬೋಗುಣಿಯೊಂದರ ಒಳಮೈಯಲ್ಲಿ ಅಡ್ಡಡ್ಡ ಓಡಿದೆವು. ಇದಕ್ಕಿಂತ ಸೊಗಸಾದ, ಇದಕ್ಕಿಂತ ಎಚ್ಚರ ಬೇಡುವ ಓಟ ನಾನು ಕಂಡಿಲ್ಲ. ಇಳಿಜಾರಿಗೆ ಅಡ್ಡಲಾಗಿ ಓಡುವ ಗಾಡಿ ಒಂದೇ ಸಮನೆ ಕೆಳಕ್ಕೆ ಸರಿಯುತ್ತಿರುತ್ತದೆ. ಅದಕ್ಕೆ ಪ್ರತಿಯಾಗಿ ಮೂಗನ್ನು ಸದಾ ತುಸು ಮೇಲಕ್ಕೆ ಹಿಡಿದಿರಬೇಕು. ಸ್ಟಿಯರಿಂಗ್ ಒಂದು ಕಡೆ, ಗಾಡಿಯ ಮುಖ ಇನ್ನೊಂದು ಕಡೆ, ಸಾಗುವ ದಾರಿ ಮತ್ತೊಂದು. ಕಂಪ್ಯೂಟರಿನ ಲೆಕ್ಕದಲ್ಲಿ ಇದು ಶುದ್ಧ ಅಪಘಾತ. ಅದು ಕಾವಲಿನಲ್ಲಿದ್ದಿದ್ದರೆ ಎಂಜಿನ್ ಬಲ ಕಡಿದು ಬ್ರೇಕ್ ಹಿಡಿಯುತ್ತಿತ್ತು, ರಭಸವೊಂದೇ ಮೇಲೆ ನಿಲ್ಲಿಸಿದ್ದ ಗಾಡಿ ಅಡ್ಡಡ್ಡವಾಗಿ ಜಾರತೊಡಗುತ್ತಿತ್ತು. ಹಾಗಾದರೆ ತಕ್ಷಣ ಸ್ಟಿಯರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಬೇಕು, ಮೇಲಕ್ಕೆ ತಿರುಗಿಸಿದರೆ ಮಗುಚುವ ಭಯ. ಎತ್ತರಿಸಿದ ಗಾಡಿಗಂತೂ ಗುರುತ್ವಕೇಂದ್ರವೂ ಮೇಲೆ. ಭಾವ ಎರಡು ಬೆರಳಲ್ಲಿ ಸ್ಟಿಯರಿಂಗ್ ಹಿಡಿದು, ಕಾಲಿನಲ್ಲಿ ಒಂದೇ ಹದ ಕಾಯ್ದುಕೊಂಡು, ಬೋಗುಣಿಯ ಸುತ್ತ ಗಾಡಿಯನ್ನು ತಂದು ನೆತ್ತಿಗೆ ಏರಿಸಿದರು. ನಮ್ಮ ಚಕ್ರದ ಗೆರೆ ಹಿಂದೆ ಇಡೀ ಇಳಿಜಾರಿನಲ್ಲಿ ಒಂದೇ ಕಮಾನಾಗಿ ಮೂಡಿತ್ತು.

ತಲ್ ಮೊರೀಬ್ ಲಿವಾದ ಹೆಸರಾಂತ ದಿಬ್ಬ. ಎತ್ತರ ಸುಮಾರು 300 ಮೀಟರ್. ಮೆಜೈರಾದಿಂದ ಅಲ್ಲಿಗೆ ದಿಬ್ಬಗಳ ನಡುವೆ ಟಾರು ರಸ್ತೆಯೇ ಇದೆ. ಚಳಿಗಾಲದ ಲಿವಾ ಉತ್ಸವದಲ್ಲಿ ಅದರ ಕಡಿದಾದ ಮೈಯ ಮೇಲೆ ನೇರ ಏರುವ ಸ್ಪರ್ಧೆ ನಡೆಯುತ್ತದೆ. ಅದರ ಬುಡದಲ್ಲಿ ನಿಂತು ತಲೆ ಎತ್ತಿದರೆ ಟೋಪಿ ಬೀಳುತ್ತದೆ. ಆ ರಾತ್ರಿ ಅಲ್ಲಿಂದ ದೂರದ ಒಂದು ತಗ್ಗಿನಲ್ಲಿ ಡೇರೆ ಹಾಕಿದೆವು. ಬೆಂಕಿಯ ಸುತ್ತ ಕುಂದಾಪುರ, ಪುತ್ತೂರು, ಧಾರವಾಡದ ಕನ್ನಡಗಳು ಬೆರೆತು ಹರಟೆ ನಡೆಯಿತು. ಚಳಿ ಮೂಳೆಗೆ ಇಳಿಯುವವರೆಗೂ ನಾನು ಆಕಾಶದಿಂದ ಕಣ್ಣು ಕೀಳಲಿಲ್ಲ.

ಮರುದಿನ ಮಧ್ಯಾಹ್ನ ಟಾರು ಮುಟ್ಟಿದೆವು. ಟೈರುಗಳಿಗೆ ಮತ್ತೆ 35ರ ಗಾಳಿ. ಭಾವ ಲೋ ರೇಂಜ್ ತೆಗೆದು, ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರು. ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿದ್ದ ಆಫ್ ಗುರುತು ಮಾಯವಾಯಿತು. ಅದು ಹೋಯಿತೇ ಎಂದು ಬಾಗಿ ನೋಡಿ ಖಚಿತ ಮಾಡಿಕೊಂಡೇ ಹೊರಟರು.

ಅಂದು ಗಾಳಿ ಜೋರಾಗಿತ್ತು. ಕಪ್ಪು ಟಾರಿನ ಮೇಲೆ ಮರಳಿನ ತೆಳು ಪರದೆ ಹರಿದಾಡುತ್ತಿತ್ತು. ಒಂದು ಬಲತಿರುವಿನಲ್ಲಿ, ಪಕ್ಕದ ದಿಬ್ಬ ರಸ್ತೆಯ ಮೇಲೆ ನಾಲಗೆ ಚಾಚಿದ್ದು ಕಾಣುವಷ್ಟರಲ್ಲಿ ನಾವು ಅದರ ಮೇಲಿದ್ದೆವು. ಹಿಂದಿನ ಚಕ್ರಗಳು ಹಿಡಿತ ಬಿಟ್ಟವು. ಸೀಟಿನಡಿಯಲ್ಲಿ ಗಾಡಿಯ ಹಿಂಭಾಗ ಎಡಕ್ಕೆ ಬೀಸಿದ್ದು ನನಗೆ ಗೊತ್ತಾಯಿತು. ಹಳದಿ ದೀಪ ಮಿನುಗಿತು. ಮುಂದಿನ ಎಡಚಕ್ರದ ಕಡೆಯಿಂದ ಗುರ್ ಎಂಬ ಸಣ್ಣ ಸದ್ದು ಬಂತು, ಗಾಡಿಯ ಮುಖ ತನ್ನ ಸಾಲಿಗೆ ಮರಳಿತು. ಎಲ್ಲವೂ ಒಂದು ಸೆಕೆಂಡಿನೊಳಗೆ.

"ನಾನು ಬ್ರೇಕ್ ಮುಟ್ಟಲೇ ಇಲ್ಲ ಮಾರಾಯ," ಎಂದರು ಭಾವ. ಆಮೇಲೆ ಬಹಳ ದೂರದವರೆಗೆ ಮೆಲ್ಲನೆ ಓಡಿಸಿದರು.

ಈ ದೀಪ ಮುಸಫ್ಫಾದ ರಿಪೇರಿಗೆ ಮೊದಲಿನಂತೆ ಸುಳ್ಳು ಸುದ್ದಿ ನಂಬಿ ಬೆದರುತ್ತಿದ್ದರೆ ಆ ತಿರುವಿನಲ್ಲಿ ನಮಗೆ ಸಿಗುತ್ತಿದ್ದದ್ದು ಏನು? ಅದರ ಕಾಟ ತಾಳದೆ ಫ್ಯೂಸ್ ಕಿತ್ತಿದ್ದರೆ? ಅಮೆರಿಕದ ವಿಮಾ ಸಂಸ್ಥೆಗಳ ರಸ್ತೆ ಸುರಕ್ಷತಾ ಕೇಂದ್ರ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ವಾಹನ ಸಿಲುಕಿದ ಪ್ರಾಣಾಂತಿಕ ಅಪಘಾತಗಳ ಸಂಭವವನ್ನು ಈ ವ್ಯವಸ್ಥೆ ಅರ್ಧಕ್ಕೂ ಹೆಚ್ಚು ತಗ್ಗಿಸುತ್ತದೆ. ಎತ್ತರದ ಗಾಡಿಗಳು ಮಗುಚುವುದನ್ನು ತಡೆಯುವಲ್ಲಿ ಅದರ ಲಾಭ ಇನ್ನೂ ದೊಡ್ಡದು. ಎತ್ತರವನ್ನು ನಾವೇ ಹೆಚ್ಚಿಸಿಕೊಂಡ ಗಾಡಿಗೆ ಈ ಕಾವಲು ಮಿಕ್ಕೆಲ್ಲ ಗಾಡಿಗಳಿಗಿಂತ ಹೆಚ್ಚು ಬೇಕು.

ಊರಿಗೆ ಮರಳಿದ ಮೇಲೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಗೆಳೆಯರು ಈ ಪ್ರವಾಸದ ಬಗ್ಗೆ ಕೇಳುತ್ತಲೇ ಇದ್ದಾರೆ. ಕಾಫಿ ತೋಟದ ಹಳೆಯ ಜೀಪುಗಳಿಗೆ ಈ ಸಮಸ್ಯೆ ಇರಲಿಲ್ಲ, ಅವುಗಳಲ್ಲಿ ಕಂಪ್ಯೂಟರೇ ಇರಲಿಲ್ಲ. ಈಗಿನ ಹೊಸ ಫೋರ್ ಬೈ ಫೋರ್‌ಗಳಲ್ಲಿ ಅದು ಇದೆ, ಅವುಗಳಿಗೆ ದೊಡ್ಡ ಟೈರು ಹಾಕಿಸುವ, ಎತ್ತರಿಸುವ ಹುಮ್ಮಸ್ಸೂ ಜೋರಾಗಿದೆ. ಮಳೆಗಾಲದ ಕೆಸರಿನ ಏರಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ ಬಲ ಕಡಿದು ಗಾಡಿ ನಿಂತಾಗ, ಇದು ದರಿದ್ರ ವ್ಯವಸ್ಥೆ, ಕಿತ್ತೊಗೆಯಬೇಕು ಎಂಬ ಸಿಟ್ಟು ಬರುವುದು ಸಹಜ. ಅವರಿಗೆಲ್ಲ ನಾನು ಲಿವಾದಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಗಾಡಿಯ ಮೈ ಬದಲಿಸಿದರೆ ಅದರ ಮಿದುಳಿಗೂ ಆ ಬದಲಾವಣೆಯನ್ನು ತಿಳಿಸಿ. ಸ್ಟಿಯರಿಂಗ್ ನಟ್ಟನಡುವೆ ಇರಲಿ, ಸೆನ್ಸರಿನ ಸೊನ್ನೆ ಸರಿಯಿರಲಿ, ಟೈರಿನ ಅಳತೆ ತುಂಬಿರಲಿ, ನಾಲ್ಕೂ ಟೈರು ಒಂದೇ ಅಳತೆಯವಿರಲಿ. ಗಾಡಿಯ ಕೈಪಿಡಿ ತೆರೆದು, ಆ ಗುಂಡಿ ಒಮ್ಮೆ ಒತ್ತಿದರೆ ಏನು, ಹಿಡಿದು ಒತ್ತಿದರೆ ಏನು, ಯಾವ ವೇಗದಲ್ಲಿ ಮರಳಿ ಬರುತ್ತದೆ ಎಂಬುದನ್ನು ಮನೆಯಲ್ಲೇ ಓದಿ ತಿಳಿಯಿರಿ. ಮರಳು, ಕೆಸರು ಬಂದಾಗ ಅದನ್ನು ಪಕ್ಕಕ್ಕಿಟ್ಟು ಜವಾಬ್ದಾರಿಯನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಟಾರು ಮುಟ್ಟಿದ ಕೂಡಲೇ ಆ ಕೆಲಸವನ್ನು ಅದಕ್ಕೇ ಮರಳಿ ಒಪ್ಪಿಸಿ. ಗಾಡಿ ಎತ್ತರಿಸಲು ಎಷ್ಟು ಖರ್ಚಾಗುತ್ತದೆ ಎಂದು ಲೆಕ್ಕ ಹಾಕುವಾಗ ಈ ಅಲೈನ್‌ಮೆಂಟಿನ ಹಣವನ್ನೂ, ಇದನ್ನೆಲ್ಲ ಕಲಿಯಲು ಬೇಕಾದ ದಿನಗಳನ್ನೂ ಮೊದಲೇ ಸೇರಿಸಿಕೊಳ್ಳಿ.